ತೋಟಾ ತುಂಬುವ ಪುಸ್ತಕ ಆರಿಸಿದ ವರ್ಷ

ಹೋದ ತಿಂಗಳು ಸೊಸೆಯ ಹೊಲಿಗೆ ಮಿಷನ್ನು ಕೆಟ್ಟಿತೆಂದು ಕೊರಟಗೆರೆ ಬಸ್‌ಸ್ಟ್ಯಾಂಡಿನ ಹಿಂದಿರುವ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗಿದ್ದೆ. ಅಂಗಡಿಯವನು ಅದರ ಹೊಟ್ಟೆ ಬಿಚ್ಚಿ, ಚಿಂದಿ ಬಟ್ಟೆಗೆ ಎಣ್ಣೆ ಹಾಕಿಕೊಂಡು ಹಿತ್ತಾಳೆಯ ಒಂದು ಬಿಡಿಭಾಗ ಉಜ್ಜತೊಡಗಿದ. ಎಣ್ಣೆ, ಸೀಮೆಎಣ್ಣೆ, ಉಜ್ಜಿ ಬೆಚ್ಚಗಾದ ಹಿತ್ತಾಳೆ, ಮೂರೂ ಬೆರೆತ ವಾಸನೆ ಮೂಗಿಗೆ ಬಂತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ಸಾಯಂಕಾಲ ಬರ್ತೀನಪ್ಪ" ಎಂದು ಹೇಳಿ ಎದ್ದು ಬಂದೆ. ಆ ವಾಸನೆ ಇಮಾಮ್ ಸಾಬರ ಅಂಗಡಿಯದು. ಆ ಅಂಗಡಿ ಮುಚ್ಚಿ ನಲವತ್ತು ವರ್ಷಕ್ಕೂ ಮೇಲಾಯಿತು. ಮುಚ್ಚುವುದಕ್ಕೆ ಕಾರಣನಾದವನು ನಾನು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತೈದು ವರ್ಷ. ವೈ.ಎನ್. ಹೊಸಕೋಟೆ ಕಡೆಯ ನಮ್ಮ ಕೇರಿಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲನೆಯವನು ನಾನೇ. ಶಿರಾದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಆರ್ಡರು ಬಂದ ದಿನ ನಮ್ಮವ್ವ ಕೇರಿಯ ಮನೆಮನೆಗೂ ಬೆಲ್ಲ ಹಂಚಿದಳು. ಹೊರಡುವಾಗ ಬಸ್ಸಿನ ಕಿಟಕಿ ಹಿಡಿದುಕೊಂಡು, "ನಾಯನಾ, ನೌಕರಿ ಜೋಪಾನ ಕಣಪ್ಪಾ. ಯಾರ ಜಗಳಕ್ಕೂ ಹೋಗಬ್ಯಾಡ, ಯಾರ ತಂಟೆಗೂ ಹೋಗಬ್ಯಾಡ" ಎಂದು ಎರಡೆರಡು ಸಲ ಹೇಳಿದಳು.

ಶಿರಾದಲ್ಲಿ ನನಗೆ ರೂಮು ಸಿಗಲಿಲ್ಲ. ನೋಡಿದ ಮನೆಯವರೆಲ್ಲ ಮೊದಲು ಸಂಬಳ ಕೇಳುತ್ತಿದ್ದರು, ಆಮೇಲೆ ಊರು ಕೇಳುತ್ತಿದ್ದರು, ಊರಿನಲ್ಲಿ ಯಾವ ಬೀದಿ ಎಂದು ಕೇಳುವ ಹೊತ್ತಿಗೆ ಅವರ ಮುಖ ಬದಲಾಗುತ್ತಿತ್ತು. ಹತ್ತು ದಿನ ಸ್ಕೂಲಿನ ಲ್ಯಾಬಿನಲ್ಲೇ ಮಲಗಿದೆ. ಹನ್ನೊಂದನೆಯ ದಿನ ಸ್ಕೂಲಿನ ಜವಾನ ಕೋಟೆ ಕಂದಕದ ಪಕ್ಕದ ಬಂದೂಕು ರಿಪೇರಿ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯ ಹಿಂದೆ ಮನೆ, ಮನೆಯ ಪಕ್ಕಕ್ಕೆ ಒಂದು ಖಾಲಿ ಕೋಣೆ. ಇಮಾಮ್ ಸಾಬರು ಬಂದೂಕಿನ ನಳಿಗೆಯೊಳಗೆ ಕಣ್ಣಿಟ್ಟು ನೋಡುತ್ತಿದ್ದವರು ತಲೆ ಎತ್ತದೆಯೇ ಕೇಳಿದರು.

"ಬೀಡಿ ಸೇದ್ತೀರಾ?"

"ಇಲ್ಲ ಸಾಬ್ರೇ."

"ಹಂಗಾದ್ರೆ ಇರಿ. ಇಲ್ಲಿ ಮದ್ದಿನ ಡಬ್ಬಿ ಇರ್ತವೆ. ನಮಗೆ ಬೇಕಾಗಿರೋದು ಅದೊಂದೇ."

ಬೇರೇನೂ ಕೇಳಲಿಲ್ಲ. ಕೋಣೆಯ ಬೀಗದ ಕೈ ಕೊಟ್ಟು, ಮತ್ತೆ ನಳಿಗೆಗೆ ಕಣ್ಣಿಟ್ಟರು.

ಸಾಬರ ಮಗಳು ಜುಲೇಖಾ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರು. ತಲೆಯ ಮೇಲೆ ಸೆರಗು ಹೊದ್ದು ಅಪ್ಪನ ಪಕ್ಕದಲ್ಲಿ ಕೂತು ಅರ ಹಿಡಿದು ಕೆಲಸ ಮಾಡುತ್ತಿದ್ದರು. ಬಂದವರು ಮೊದಮೊದಲು ದಿಟ್ಟಿಸಿ ನೋಡುತ್ತಿದ್ದರಂತೆ. ಆಮೇಲೆ ಬಂದೂಕಿನ ಕುದುರೆ ಸಡಿಲವಾದರೆ, ಹಿಡಿ ಒಡೆದರೆ, "ನಿಮ್ಮ ಮಗಳ ಕೈಲೇ ಮಾಡ್ಸಿ ಸಾಬ್ರೇ" ಅನ್ನತೊಡಗಿದರಂತೆ.

ಅಂಗಡಿಗೆ ಬರುತ್ತಿದ್ದವರು ಬಹುಪಾಲು ಬುಕ್ಕಾಪಟ್ಟಣದ ಕಡೆಯ ಹಟ್ಟಿಗಳವರು. ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಪಡೆದು ಹಳೇ ಬಂದೂಕು ಇಟ್ಟುಕೊಂಡವರು. ಕಡಲೆಕಾಯಿ ಕಾಳು ಕಟ್ಟುವ ಹೊತ್ತಿಗೆ ಕಾಡುಹಂದಿ ಹೊಲಕ್ಕೆ ನುಗ್ಗುತ್ತಿದ್ದವು, ತೋಳ ಕುರಿಮಂದೆಗೆ ಬೀಳುತ್ತಿತ್ತು. ಬಂದೂಕಿಗೆ ಹಾಕುವ ಹೊಸ ತೋಟಾ ಬೆಂಗಳೂರಿನಿಂದ ಬರಬೇಕು, ಬಂದರೂ ಸಾಲದು. ಹಾಗಾಗಿ ಹಾರಿಸಿ ಖಾಲಿಯಾದ ಹಿತ್ತಾಳೆಯ ತೋಟಾಗಳನ್ನು ಚೀಲದಲ್ಲಿ ತಂದು ಸಾಬರಿಗೆ ಕೊಡುತ್ತಿದ್ದರು. ಸಾಬರು ಅವುಗಳನ್ನು ತೊಳೆದು, ಒಣಗಿಸಿ, ಮದ್ದು, ಸೀಸದ ಚರೆ ತುಂಬಿ ಮತ್ತೆ ಕೊಡುತ್ತಿದ್ದರು. ಅದಕ್ಕೆ ಅವರಿಗೆ ಪರವಾನಗಿ ಇತ್ತು. ಜಿಂಕೆ ಹೊಡೆಯುವವನು ಎಂದು ಗೊತ್ತಾದರೆ ಮಾತ್ರ ಚೀಲವನ್ನು ಹಾಗೇ ವಾಪಸ್ಸು ಮಾಡುತ್ತಿದ್ದರು. "ಅದು ನಿನ್ನ ಹೊಲಕ್ಕೆ ಬಂದಿತ್ತೇನಪ್ಪ? ನೀನು ತಾನೇ ಅದರ ಮನೆಗೆ ಹೋಗಿದ್ದು?" ಎಂದು ಕೇಳಿಯೇ ಕಳಿಸುತ್ತಿದ್ದರು.

ಆ ಆಷಾಢದಲ್ಲಿ ಗಾಳಿ ಹೇಗೆ ಬೀಸಿತೆಂದರೆ ಅಂಗಡಿಯ ತಗಡು ಹಗಲೆಲ್ಲ ಬಡಿದುಕೊಳ್ಳುತ್ತಿತ್ತು. ಮೋಡ ಬರುತ್ತಿದ್ದವು, ಗಾಳಿಗೆ ಹಾರಿ ಪಾವಗಡದ ಕಡೆ ಹೋಗುತ್ತಿದ್ದವು. ಆ ಧೂಳಿನಿಂದಲೇ ಕಣ್ಣು ಮಂಜಾಗುತ್ತಿದೆ ಎಂದು ಸಾಬರು ಮೊದಲು ಅಂದುಕೊಂಡಿದ್ದರು. ತುಮಕೂರಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಅದೇ ಸಮಯಕ್ಕೆ ಇನ್ನೊಂದು ತೊಂದರೆ. ಸಾಬರು ಮೂವತ್ತು ವರ್ಷದಿಂದ ತುಂಬುತ್ತಿದ್ದದ್ದು ಕರಿಮದ್ದು. ಅದು ಸರಿಯಾಗಿ ಬರುವುದು ನಿಂತು, ಹೊಗೆ ಕಾರದ ಹೊಸ ಮದ್ದಿನ ಡಬ್ಬಿಗಳು ಬರತೊಡಗಿದವು. ಎರಡರ ಜಾತಿಯೇ ಬೇರೆ, ಒಂದರ ಅಳತೆ ಇನ್ನೊಂದಕ್ಕೆ ನಡೆಯುವುದಿಲ್ಲ ಎಂಬಷ್ಟು ಅವರಿಗೆ ಗೊತ್ತಿತ್ತು.

ಒಂದು ಸಂಜೆ ನನ್ನನ್ನು ಜಗಲಿಗೆ ಕರೆದು ಕೂರಿಸಿಕೊಂಡರು. ಜುಲೇಖಾ ಬಾಗಿಲ ಹತ್ತಿರ ನಿಂತಿದ್ದರು.

"ಮೇಷ್ಟ್ರೇ, ನನ್ನ ಕೆಲಸ ನನ್ನ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಈಕೆಗೆ ಹೇಳಿಕೊಡೋಣ ಅಂದ್ರೆ ಮಾತೇ ಬರಲ್ಲ. ಈ ಹೊಸ ಮದ್ದಂತೂ ನನ್ನ ಕೈಗೂ ಗೊತ್ತಿಲ್ಲ. ಇಂಗ್ಲಿಷಲ್ಲಿ ಇದರ ಪುಸ್ತಕಗಳು ಇರ್ತವಂತೆ. ಹೊಸದಾಗಿ ಕಲಿಯೋರಿಗೆ ಅಂತಲೇ ಬರೆದಿರೋದು ಒಂದು ನೋಡಿ ತರ್ತೀರಾ? ನೀವು ಓದಿ ಕನ್ನಡದಲ್ಲಿ ಬರೆದುಕೊಟ್ರೆ ಈಕೆ ಕಲೀತಾಳೆ."

ನನಗಾದ ಹೆಮ್ಮೆಯನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ಲ್ಯಾಬಿನಲ್ಲಿ ಮಲಗಿದ್ದವನಿಗೆ ಮನೆ ಕೊಟ್ಟವರು ಬಂದು ನಿನ್ನ ವಿದ್ಯೆ ಕೊಡು ಎಂದು ಕೇಳುತ್ತಿದ್ದರು. "ಅದೇನು ಮಹಾ ಸಾಬ್ರೇ" ಅಂದೆ.

ಗಣೇಶನ ಹಬ್ಬದ ರಜೆಯಲ್ಲಿ ಬೆಂಗಳೂರಿಗೆ ಹೋದೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಅರ್ಧ ದಿನ ಹುಡುಕಿದ ಮೇಲೆ ಒಬ್ಬ ಮುದುಕರ ಹತ್ತಿರ ಅಂಥವು ಎರಡು ಸಿಕ್ಕವು. ಆತ ಹಿಂದೆ ಮಿಲಿಟರಿಯಲ್ಲಿದ್ದವರು. ಒಂದು ಪುಸ್ತಕ ಬೂದು ರಟ್ಟಿನದು, ಸಣಕಲು, ಚಿತ್ರ ಕಡಿಮೆ. ಇನ್ನೊಂದು ಕೆಂಪು ಕ್ಯಾಲಿಕೋ ರಟ್ಟಿನ ದಪ್ಪ ಪುಸ್ತಕ, ನುಣುಪು ಕಾಗದ, ಪುಟಪುಟಕ್ಕೂ ಚಿತ್ರ, ಕೊನೆಯಲ್ಲಿ ಉದ್ದುದ್ದ ಅಂಕಿಗಳ ಪಟ್ಟಿ. ವಿದೇಶದ್ದು.

"ಯಾರಿಗೆ? ಕಲಿತವರಿಗೋ, ಹೊಸಬರಿಗೋ?" ಎಂದು ಮುದುಕರು ಕೇಳಿದರು.

"ಹೊಸಬರಿಗೆ."

"ಹಾಗಾದ್ರೆ ಸಣ್ಣದು ತಗೊಳ್ಳಿ. ಅದಕ್ಕೂ ಮೊದಲು ಅವರ ಹತ್ರ ಯಾವ ಮದ್ದಿನ ಡಬ್ಬಿ ಇದೆ ಅಂತ ನೋಡ್ಕೊಂಡು ಬನ್ನಿ. ಡಬ್ಬಿಯ ಹೆಸರು ಪುಸ್ತಕದಲ್ಲಿ ಇಲ್ಲ ಅಂದ್ರೆ ಎಷ್ಟು ದೊಡ್ಡ ಪುಸ್ತಕ ಆದ್ರೂ ಪ್ರಯೋಜನ ಇಲ್ಲ. ಹೊಸಬರಿಗೆ ಬೇಕಾಗಿರೋದು ಏನು ಮಾಡಬೇಕು ಅನ್ನೋದಲ್ಲ ಸಾರ್, ಏನು ಮಾಡಬಾರದು ಅನ್ನೋದು."

ಡಬ್ಬಿಯ ಹೆಸರು ನಾನು ನೋಡಿಕೊಂಡು ಬಂದಿರಲಿಲ್ಲ. ಬರಿಗೈಯಲ್ಲಿ ವಾಪಸ್ಸು ಹೋಗುವುದು ಅವಮಾನ ಎನಿಸಿತು. ಕೆಂಪು ಪುಸ್ತಕ ಕೊಡಿ ಅಂದೆ. ಮುದುಕರು ನನ್ನ ಮುಖವನ್ನೊಮ್ಮೆ ನೋಡಿ, "ಇದನ್ನೂ ಇಟ್ಕೊಳ್ಳಿ, ಓದಿ" ಎಂದು ಬೂದು ಪುಸ್ತಕವನ್ನೂ ಅದರ ಮೇಲಿಟ್ಟು ದಾರ ಕಟ್ಟಿದರು.

ಜಗಲಿಯ ಮೇಲೆ ಎರಡನ್ನೂ ಇಟ್ಟಾಗ ಜುಲೇಖಾ ಮೊದಲು ಎತ್ತಿಕೊಂಡದ್ದು ಬೂದು ಪುಸ್ತಕವನ್ನು. ಅವರಿಗೆ ಉರ್ದು, ಕನ್ನಡ ಬರುತ್ತಿತ್ತು, ಇಂಗ್ಲಿಷ್ ಅಕ್ಷರ ಗೊತ್ತಿರಲಿಲ್ಲ. ಆದರೂ ಒಂದೊಂದೇ ಪುಟ ನಿಧಾನಕ್ಕೆ ತಿರುವಿ ನೋಡಿದರು.

"ಮೇಷ್ಟ್ರೇ, ತಪ್ಪು ಮಾಡಿದ್ರೆ ಏನಾಗುತ್ತೆ ಅಂತ ಇದರಲ್ಲಿ ಎಲ್ಲಿ ಬರೆದಿದೆ?"

ನಾನು ನೋಡಿದೆ. ಬೂದು ಪುಸ್ತಕದಲ್ಲಿ ಅದು ಮೊದಲನೆಯ ಪುಟದಿಂದಲೇ ಶುರುವಾಗಿತ್ತು.

"ಮತ್ತೆ ಕೆಂಪು ಪುಸ್ತಕದಲ್ಲಿ?"

"ಅದರಲ್ಲೂ ಇರುತ್ತೆ, ಎಲ್ಲೋ ಮಧ್ಯೆ. ಇದು ಬರೀ ಹೆದರಿಸೋ ಪುಸ್ತಕ. ಕೆಂಪು ಪುಸ್ತಕದಲ್ಲಿ ವಿಷಯ ಜಾಸ್ತಿ ಇದೆ, ಅದನ್ನೇ ಹಿಡಿಯೋಣ."

"ನನಗೆ ಇದೇ ಸಾಕು ಅನ್ಸುತ್ತೆ."

"ನೀವು ಓದಿ ನೋಡಿದ್ದೀರಾ?" ಎಂದು ಕೇಳಿಬಿಟ್ಟೆ. ಅವರ ಮುಖ ಸಣ್ಣದಾಯಿತು. ಬೂದು ಪುಸ್ತಕವನ್ನು ಕೆಳಗಿಟ್ಟು, "ನಿಮಗೆ ಗೊತ್ತಿರುತ್ತೆ" ಅಂದರು. ಅದು ನನ್ನ ಟ್ರಂಕಿನ ತಳ ಸೇರಿತು.

ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು. ಸ್ಕೂಲು ಬಿಟ್ಟು ಬಂದು, ಸಾಬರು ಸಂಜೆಯ ಮಗ್ರಿಬ್ ನಮಾಜಿಗೆ ಹೊರಡುವವರೆಗೂ ಜಗಲಿಯಲ್ಲಿ ಕೂತು ಬರೆಯುತ್ತಿದ್ದೆ. ಹೊರಗೆ ಮಳೆ, ಒಳಗೆ ಜುಲೇಖಾ ಖಾಲಿ ತೋಟಾ ಉಜ್ಜುವ ಸದ್ದು. ಆ ಒಂದು ತಿಂಗಳು ನಾನು ಬಹಳ ಸುಖವಾಗಿದ್ದೆ. ಒಂದೊಂದು ಇಂಗ್ಲಿಷ್ ಪದಕ್ಕೂ ಸಾಬರ ಬಾಯಿಂದ ಒಂದು ಮಾತು ಸಿಗುತ್ತಿತ್ತು. ಕಿಡಿ ಹೊತ್ತಿಸುವ ಬಿಲ್ಲೆಯನ್ನೋ ಮದ್ದಿನ ಮೇಲೆ ಒತ್ತಿಡುವ ಬಿಲ್ಲೆಯನ್ನೋ ನಾನು ವಿವರಿಸಿದರೆ, "ಓಹೋ, ನಾವು ಅದಕ್ಕೆ ಕೇಪು ಅಂತೀವಿ", "ಅದಾ, ಅದು ದಟ್ಟು" ಎನ್ನುತ್ತಿದ್ದರು. ಅರ್ಥವಾಗದ ಕಡೆಯಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಎಚ್ಚರಿಕೆಯ ಅಧ್ಯಾಯ ಇಪ್ಪತ್ತು ಪುಟ ಇತ್ತು. ಬೇಜಾರಿನ ಬರವಣಿಗೆ, ಕೊನೆಗೆ ಮಾಡಿದರಾಯಿತು ಎಂದು ಬಿಟ್ಟೆ. ಜುಲೇಖಾ ಎರಡು ಸಲ ಅದನ್ನು ನೆನಪಿಸಿದರು. "ಬರುತ್ತೆ, ಬರುತ್ತೆ" ಅಂದೆ.

ಅಂಕಿಗಳ ಪಟ್ಟಿ ಇದ್ದ ಪುಟದ ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಎರಡು ಸಾಲಿನ ಟಿಪ್ಪಣಿ ಇತ್ತು. ಅದರಲ್ಲಿ ಎರಡು ಪದ ನನಗೆ ತಿಳಿಯಲಿಲ್ಲ, ನನ್ನ ಡಿಕ್ಷನರಿಯಲ್ಲೂ ಇರಲಿಲ್ಲ. ಪ್ರಶ್ನೆ ಗುರುತು ಹಾಕಿದೆ. ತುಮಕೂರಿನ ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಕೆಮಿಸ್ಟ್ರಿ ಲೆಕ್ಚರರನ್ನು ಕೇಳಬೇಕು ಅಂದುಕೊಂಡೆ. ಆ ತಿಂಗಳು ತುಮಕೂರಿಗೆ ಹೋಗುವುದಾಗಲಿಲ್ಲ. ಅಷ್ಟರಲ್ಲಿ ನೋಟುಬುಕ್ಕನ್ನು ಅಂದವಾಗಿ ಬರೆದುಕೊಡುವ ಹುಮ್ಮಸ್ಸು ಬಂತು. ಹೊಸ ನೋಟುಬುಕ್ಕು ತಂದು, ರೂಲು ಹಾಕಿ, ನೀಲಿ ಶಾಯಿಯಲ್ಲಿ ಮುತ್ತಿನಂತೆ ಬರೆದೆ. ಶಾಯಿಯಲ್ಲಿ ಬರೆಯುವಾಗ ಪೆನ್ಸಿಲಿನ ಗುರುತುಗಳು ಕಣ್ಣಿಗೆ ಕಸದಂತೆ ಕಂಡವು. ಯಾವುದನ್ನೂ ಹೊಸ ಪುಸ್ತಕಕ್ಕೆ ಇಳಿಸಲಿಲ್ಲ. ನನಗೆ ಸಂದೇಹವಿತ್ತು ಎಂಬುದೇ ಆ ನೋಟುಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಹೊಸ ಡಬ್ಬಿ ತೆರೆದರು. ಬುಕ್ಕಾಪಟ್ಟಣದ ಹತ್ತಿರದ ಹಟ್ಟಿಯ ಚಿತ್ತಯ್ಯ ಎಂಬಾತ ಐದು ತೋಟಾ ತುಂಬಿಸಲು ಬಂದು ಕೂತಿದ್ದ. ನಲವತ್ತರ ವಯಸ್ಸು, ಕರಿ ಕಂಬಳಿ, ನಗುವ ಕಣ್ಣು. ಅವನ ಹೊಲದಲ್ಲಿ ಕಡಲೆಕಾಯಿ ಕೀಳುವುದಕ್ಕೆ ಬಂದಿತ್ತು. "ಬೇಗ ಕೊಡವ್ವಾ, ಹಂದಿ ನನಗಿಂತ ಮುಂಚೆ ಕಿತ್ಕೊಂಡ್ಬುಟ್ಟಾವು" ಎಂದು ತಮಾಷೆ ಮಾಡುತ್ತಿದ್ದ. ಜುಲೇಖಾ ನೋಟುಬುಕ್ಕು ತೆರೆದಿಟ್ಟುಕೊಂಡು, ಸಣ್ಣ ತಕ್ಕಡಿಯಲ್ಲಿ ತೂಗಿ, ಮೊದಲ ತೋಟಾದ ಮದ್ದನ್ನು ಕಾಗದದ ಮೇಲೆ ಹಾಕಿ ಅಪ್ಪನ ಕೈಗೆ ಕೊಟ್ಟರು. ಸಾಬರು ಅದನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿದರು.

"ಯಾಕೋ ನನ್ನ ಕೈ ಒಪ್ತಾ ಇಲ್ಲ, ಬೇಟಾ."

ನಾನು ಅಲ್ಲೇ ಇದ್ದೆ. ನಕ್ಕೆ. "ಸಾಬ್ರೇ, ಇದು ಹೊಸ ಮದ್ದು. ನಿಮ್ಮ ಕೈಗೆ ಹಳೇದು ಅಭ್ಯಾಸ ಆಗಿದೆ. ಇದು ಅಳತೆ ಮಾಡಿ ಬರೆದಿರೋ ವಿಜ್ಞಾನ."

"ಅದೂ ನಿಜ" ಅಂದರು ಸಾಬರು. "ಪುಸ್ತಕದ ಮುಂದೆ ನನ್ನದೇನು." ಕಾಗದವನ್ನು ಮಗಳ ಕೈಗೆ ವಾಪಸ್ಸು ಕೊಟ್ಟರು.

ಮೂರನೆಯ ದಿನ ಬೆಳಿಗ್ಗೆ, ನಾನು ಸ್ಕೂಲಿಗೆ ಹೊರಡುವಾಗ, ಬುಕ್ಕಾಪಟ್ಟಣದ ಬಸ್ಸಿನಲ್ಲಿ ಚಿತ್ತಯ್ಯನನ್ನು ಸರ್ಕಾರಿ ಆಸ್ಪತ್ರೆಗೆ ತಂದರು. ಮೊದಲ ಈಡಿಗೇ ಬಂದೂಕಿನ ನಳಿಗೆ ಸೀಳಿಹೋಗಿತ್ತು. ಎಡಗೈಯ ಮೂರು ಬೆರಳು ಇರಲಿಲ್ಲ. ಎಡಗಣ್ಣಿಗೂ ಚೂರು ಬಡಿದು, ಆಮೇಲೆ ಆ ಕಣ್ಣು ಪೂರ್ತಿ ಹೋಯಿತು. ಸಾಬರು ಮಗಳ ಭುಜ ಹಿಡಿದುಕೊಂಡು ಆಸ್ಪತ್ರೆಗೆ ಓಡಿದರು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಟ್ರಂಕಿನ ತಳದಿಂದ ಬೂದು ಪುಸ್ತಕ ತೆಗೆದೆ. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಇತ್ತು: ಒಂದು ಹೆಸರಿನ ಮದ್ದಿನ ಅಳತೆಯನ್ನು ಇನ್ನೊಂದು ಮದ್ದಿಗೆ ಯಾವತ್ತೂ ಬಳಸಬೇಡಿ, ನಿಮ್ಮ ಕೈಯಲ್ಲಿರುವ ಡಬ್ಬಿಯ ಹೆಸರು ಇಲ್ಲಿಲ್ಲದಿದ್ದರೆ ಈ ಪುಸ್ತಕವನ್ನು ಮುಚ್ಚಿಡಿ. ಆಮೇಲೆ ಕೆಂಪು ಪುಸ್ತಕದ ಆ ಸಣ್ಣಕ್ಷರದ ಟಿಪ್ಪಣಿಯನ್ನು ಮತ್ತೆ ಓದಿದೆ. ನನಗೆ ತಿಳಿಯದಿದ್ದ ಆ ಎರಡು ಪದಗಳು ಮದ್ದುಗಳ ಹೆಸರು, ಅಷ್ಟೇ. ಹೆಸರಿಗೆ ಡಿಕ್ಷನರಿಯಲ್ಲಿ ಅರ್ಥ ಹುಡುಕಿದ್ದೆ. ಆ ಪಟ್ಟಿ ಆ ಎರಡಕ್ಕೆ ಮಾತ್ರ ಎಂದು ಅಲ್ಲಿ ಬರೆದಿತ್ತು. ನಮ್ಮ ಡಬ್ಬಿ ಎರಡೂ ಅಲ್ಲ.

ಮಧ್ಯಾಹ್ನ ಸಬ್ ಇನ್‌ಸ್ಪೆಕ್ಟರು ಅಂಗಡಿಗೆ ಬಂದರು. ಅದಕ್ಕೂ ಸ್ವಲ್ಪ ಮುಂಚೆ ಜುಲೇಖಾ ಅಪ್ಪನನ್ನು ಕರೆದುಕೊಂಡು ಆಸ್ಪತ್ರೆಯಿಂದ ಬಂದು, ಬಟ್ಟೆಯಲ್ಲಿ ಸುತ್ತಿದ ನೋಟುಬುಕ್ಕನ್ನು ನನ್ನ ಕೋಣೆಯ ಕಿಟಕಿಯಿಂದ ಒಳಗೆ ಚಾಚಿದ್ದರು. "ನಿಮ್ಮ ಬರಹ ಇದೆ, ಇಟ್ಕೊಳ್ಳಿ" ಎಂದಷ್ಟೇ ಹೇಳಿದ್ದರು.

"ಯಾರು ತುಂಬಿದ್ದು?" ಎಂದರು ಇನ್‌ಸ್ಪೆಕ್ಟರು.

"ನಾನು."

"ಯಾವ ಅಳತೆ ಮೇಲೆ ತುಂಬ್ದೆ?"

ಜುಲೇಖಾ ನೆಲ ನೋಡುತ್ತಾ ಹೇಳಿದರು. "ಅಂದಾಜಿನ ಮೇಲೆ. ಅಬ್ಬಾಗೆ ಕಣ್ಣು ಕಾಣಲ್ಲ. ನಾನೇ ಅಂದಾಜು ಮಾಡಿ ತುಂಬಿದೆ."

"ಯಾರೂ ಹೇಳಿಕೊಡಲಿಲ್ವಾ?"

"ಇಲ್ಲ."

ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. "ನೀವು ಯಾರು? ಮೇಷ್ಟ್ರಲ್ವಾ? ನಿಮಗೇನಾದ್ರೂ ಗೊತ್ತಾ ಇದರ ವಿಷಯ?"

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವ್ವ ಇದ್ದಳು, ಹಂಚಿದ ಬೆಲ್ಲ ಇತ್ತು, ನನ್ನ ಹಿಂದೆ ಓದುತ್ತಿದ್ದ ತಮ್ಮ ತಂಗಿಯರಿದ್ದರು. ಎಲ್ಲ ನಿಜ. ಆದರೆ ಅವರ ಹೆಸರಿನ ಹಿಂದೆ ನಾನು ಅಡಗಿಕೊಂಡೆ ಎಂಬುದೂ ನಿಜ.

"ನಾನು ಇಲ್ಲಿ ಬಾಡಿಗೆಗೆ ಇದ್ದೀನಿ ಅಷ್ಟೇ ಸಾರ್. ನನಗೂ ಇವರಿಗೂ ಬೇರೆ ಏನೂ ಇಲ್ಲ" ಅಂದೆ.

ಅಂಗಡಿಗೆ ಬೀಗ ಹಾಕಿ ಸೀಲು ಮಾಡಿದರು. ಸಾಬರ ಪರವಾನಗಿ ರದ್ದಾಯಿತು. ಜುಲೇಖಾ ಹಲವು ತಿಂಗಳು ಕೋರ್ಟಿಗೆ ಓಡಾಡಿದರು. ಹೆಂಗಸು, ಮೊದಲ ತಪ್ಪು, ಉದ್ದೇಶವಿಲ್ಲದೆ ಆದದ್ದು ಎಂದು ಕೊನೆಗೆ ದಂಡ ಹಾಕಿ ಬಿಟ್ಟರು. ಊರಿನವರು ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಹೆಣ್ಣಿಗೆ ಯಾಕೆ ಬೇಕಿತ್ತು ಬಂದೂಕಿನ ಕೆಲಸ ಎಂದು ಎದುರಿಗೇ ಆಡಿದರು. ನಾನು ಅದೇ ಕೋಣೆಯಲ್ಲಿದ್ದುಕೊಂಡು ಅದನ್ನೆಲ್ಲ ಕೇಳಿಸಿಕೊಂಡೆ. ಸಾಬರು ನನ್ನ ಜೊತೆ ಮಾತು ಬಿಡಲಿಲ್ಲ. ಸ್ಕೂಲಿಂದ ಬಂದರೆ, "ಬಂದ್ರಾ ಮೇಷ್ಟ್ರೇ, ಊಟ ಆಯ್ತಾ" ಎಂದು ಕೇಳುತ್ತಿದ್ದರು. ಬೈದಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ. ಬೇಸಿಗೆಯಲ್ಲಿ ಮಧುಗಿರಿಗೆ ವರ್ಗ ಕೇಳಿಕೊಂಡು ಪಡೆದೆ. ಹೋಗುವ ದಿನ ನೋಟುಬುಕ್ಕನ್ನು ಟ್ರಂಕಿನಲ್ಲಿಟ್ಟುಕೊಂಡು ಹೊರಟೆ. ಸಾಬರು ಬಸ್ ನಿಲ್ದಾಣದವರೆಗೂ ಕೋಲೂರಿಕೊಂಡು ಬಂದು ಕಳಿಸಿದರು. ಎರಡು ವರ್ಷದ ಮೇಲೆ ಅವರು ತೀರಿಕೊಂಡರೆಂದು ಯಾರೋ ಹೇಳಿದರು. ಮಣ್ಣಿಗೂ ನಾನು ಹೋಗಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಮಧುಗಿರಿ ಸೀಮೆಯಲ್ಲಿ ಎಲ್ಲಿ ನೋಡಿದರೂ ಬೋರ್‌ವೆಲ್ಲು ಕೊರೆಯುತ್ತಿದ್ದರು. ಪರೀಕ್ಷೆಯ ಕೆಲಸಕ್ಕೆಂದು ಕೊಡಿಗೇನಹಳ್ಳಿಗೆ ಹೋದವನು ಹಿಂದೂಪುರದ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೆ ಪಂಪ್‌ಸೆಟ್ ಮೋಟಾರು ರಿಪೇರಿಯ ಸಣ್ಣ ಅಂಗಡಿ. ಒಳಗೆ ಸೆರಗು ಹೊದ್ದ ಒಬ್ಬ ಹೆಂಗಸು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು, ತುಟಿ ಅಲುಗುತ್ತಿತ್ತು, ಸುತ್ತು ಎಣಿಸುತ್ತಿದ್ದರು. ಜುಲೇಖಾ. ನನ್ನನ್ನು ನೋಡಿದರು. ಎಣಿಕೆ ನಿಲ್ಲಿಸಲಿಲ್ಲ. ಆ ಸುರುಳಿ ಮುಗಿಸಿ, ಗಂಟು ಹಾಕಿ, ಆಮೇಲೆ, "ಬನ್ನಿ ಮೇಷ್ಟ್ರೇ" ಅಂದರು. ಅಕ್ಕನ ಮನೆ ಇಲ್ಲೇ ಇದೆ, ಭಾವನ ಅಂಗಡಿ ಇದು, ಕೆಲಸ ಕಲಿತೆ ಎಂದು ಹೇಳಿದರು.

ನಾನು ಕೂತವನೇ ಎಲ್ಲವನ್ನೂ ಹೇಳಿದೆ. ಸಣ್ಣಕ್ಷರದ ಟಿಪ್ಪಣಿ, ಬಿಟ್ಟ ಅಧ್ಯಾಯ, ಪೆನ್ಸಿಲಿನ ಗುರುತು. ಅವರು ಅರ್ಧದಲ್ಲೇ ತಡೆದರು.

"ಆ ಪುಟದ ಕೆಳಗೆ ಸಣ್ಣ ಅಕ್ಷರ ಇತ್ತು ಅಂತ ನನಗೆ ಗೊತ್ತಿತ್ತು. ಇಂಗ್ಲಿಷ್ ಬರದೇ ಇದ್ರೂ ಕಣ್ಣಿತ್ತಲ್ಲ. ನಿಮ್ಮ ನೋಟ್ ಬುಕ್ಕಲ್ಲಿ ಆ ಜಾಗ ಖಾಲಿ ಇತ್ತು. ಕೇಳೋಣ ಅಂದ್ಕೊಂಡೆ. ಮುಂಚೆ ಒಂದು ಸಲ 'ನೀವು ಓದಿ ನೋಡಿದ್ದೀರಾ' ಅಂದಿದ್ರಲ್ಲ, ಅದಕ್ಕೇ ಕೇಳಲಿಲ್ಲ."

ಅವರು ತಂತಿಯ ತುದಿ ಕತ್ತರಿಸಿ ಪಕ್ಕಕ್ಕಿಟ್ಟರು.

"ಪೊಲೀಸ್ರಿಗೆ ನಾನೇ ಸುಳ್ಳು ಹೇಳಿದ್ದು. ನಿಮ್ಮ ನೌಕರಿ ಹೋಗಬಾರದು ಅಂತ. ಅದಕ್ಕೆ ನನಗೆ ಬೇಜಾರಿಲ್ಲ. ಆದ್ರೆ ಬೇರೆ ಏನೂ ಇಲ್ಲ ಅಂದ್ರಲ್ಲ ಮೇಷ್ಟ್ರೇ. ಅಬ್ಬಾ ಒಳಗೆ ಕೂತು ಕೇಳಿಸ್ಕೊಂಡ್ರು. ರಾತ್ರಿ ನನ್ನ ಹತ್ರ, 'ಪಾಪ, ಹುಡುಗ ಹೆದರಿಬಿಟ್ಟ' ಅಂದ್ರು. ಅದಾದ ಮೇಲೆ ನಿಮ್ಮ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ."

"ತಪ್ಪಾಯ್ತು" ಅಂದೆ.

"ನನಗೆ ಹೇಳಿ ಏನು ಬಂತು? ಹೇಳಬೇಕಾದವರು ಬುಕ್ಕಾಪಟ್ಟಣದಲ್ಲಿ ಇದ್ದಾರೆ" ಎಂದು ಮತ್ತೊಂದು ತಂತಿಯ ಸುರುಳಿ ಕೈಗೆ ತಗೊಂಡರು.

ಮುಂದಿನ ಭಾನುವಾರ ಹಟ್ಟಿಗೆ ಹೋದೆ. ಚಿತ್ತಯ್ಯ ಬೇವಿನ ಮರದ ಕೆಳಗೆ, ಒಳ್ಳೆಯ ಕೈಯಲ್ಲಿ ಕುರಿಮರಿಗೆ ಸೊಪ್ಪು ಹಿಡಿದು ಕೂತಿದ್ದ. ಮೊದಲು ಗುರುತು ಸಿಗಲಿಲ್ಲ. ಆಮೇಲೆ, "ಓ, ಸಾಬ್ರ ಮನೆ ಮೇಷ್ಟ್ರು" ಎಂದು ಕಂಬಳಿ ಹಾಸಿದ. ನಾನು ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಅಳತೆ ನಾನು ಬರೆದುಕೊಟ್ಟದ್ದು, ತಪ್ಪು ನನ್ನದು, ಆಕೆ ನಾನು ಬರೆದಂತೆ ಮಾಡಿದರು ಅಷ್ಟೇ, ನನ್ನ ನೌಕರಿ ಉಳಿಯಲಿ ಎಂದು ಸುಳ್ಳು ಹೇಳಿ ತಾವು ಹೊತ್ತುಕೊಂಡರು ಎಂದೆ.

ಕುರಿಮರಿ ಸೊಪ್ಪು ಎಳೆಯುತ್ತಿತ್ತು.

"ಆಯಮ್ಮ ಆಸ್ಪತ್ರೇಲಿ ನನ್ನ ಕಾಲು ಹಿಡ್ಕೊಂಡು ಅತ್ತಿದ್ಲು ಸಾ. ನಾನು ಒದ್ದುಬುಟ್ಟೆ" ಅಂದ. "ಆವತ್ತಿಂದ ಇವತ್ತಿನವರೆಗೂ, ಬೆಳಿಗ್ಗೆ ಎದ್ದು ಮುಖ ತೊಳಿವಾಗ, ಹಗ್ಗ ಕಟ್ಟೋಕೆ ಆಗದೆ ಇದ್ದಾಗ, ಎಂಡ್ರು ಅನ್ನ ಕಲಸಿ ಕೊಟ್ಟಾಗ, ಆಯಮ್ಮನ್ನೇ ಬೈದಿವ್ನಿ. ಅವಳ ವಂಸ ಹಾಳಾಗ್ಲಿ ಅಂದಿವ್ನಿ. ಏಸು ವರ್ಸ ಆಯ್ತು ಹೇಳಿ? ಅದ್ನೆಲ್ಲ ಈಗ ಹೆಂಗೆ ವಾಪಸ್ ತಗಳ್ಳಿ?"

"ನನ್ನನ್ನು ಬಯ್ಯಿ ಚಿತ್ತಯ್ಯ."

"ನಿಮ್ಮನ್ನ ಬೈದ್ರೆ ಅದು ವಾಪಸ್ ಬತ್ತದಾ?"

ಎದ್ದು ರುಮಾಲು ಸುತ್ತಿಕೊಂಡ. ಎಡಗೈಯ ಉಳಿದ ಎರಡು ಬೆರಳು ಬಟ್ಟೆಯ ತುದಿ ಹಿಡಿಯಲು ಒದ್ದಾಡಿದವು. ನಾನು ಕೈ ಮುಂದೆ ಮಾಡಿದೆ. ಬೇಡ ಎಂಬಂತೆ ಪಕ್ಕಕ್ಕೆ ಸರಿದ. "ನಡೀರಿ, ಆಯಮ್ಮ ಎಲ್ಲವ್ಳೆ ತೋರ್ಸಿ."

ಶಿರಾದಲ್ಲಿ ಬಸ್ಸು ಬದಲಿಸಿ, ಮಧುಗಿರಿಯಲ್ಲಿ ಬದಲಿಸಿ ಕೊಡಿಗೇನಹಳ್ಳಿ ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಂಗಡಿ ತೋರಿಸಿದೆ. ಒಬ್ಬನೇ ರಸ್ತೆ ದಾಟಿ ಹೋದ. ಜುಲೇಖಾ ಎದ್ದು ನಿಂತರು. ಚಿತ್ತಯ್ಯ ಬಾಗಿಲಲ್ಲಿ ನಿಂತು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಸ್ಟೂಲು ಎಳೆದು ಹಾಕಿದ್ದು ಕಂಡಿತು, ಅವನು ಕೂತದ್ದು ಕಂಡಿತು, ಅವರು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಂಡಿತು. ಬರುವಂತೆ ನನ್ನನ್ನು ಯಾರೂ ಕರೆಯಲಿಲ್ಲ. ಕರೆಯುವುದಕ್ಕೆ ಕಾರಣವೂ ಇರಲಿಲ್ಲ.

ಕೊನೆಯ ಬಸ್ಸು ಬಂದಾಗ ಚಿತ್ತಯ್ಯ ಬಂದು ಹತ್ತಿದ. ಮೊದಲೇ ಹತ್ತಿ ಮುಂದೆ ಕೂತಿದ್ದ ನಾನು ಕಿಟಕಿಯ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದೆ. ಅವನು ನನ್ನನ್ನು ದಾಟಿಕೊಂಡು ಹೋಗಿ, ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಮೂಟೆಗಳ ನಡುವೆ ಒತ್ತರಿಸಿಕೊಂಡು ಕೂತ. ಮಧುಗಿರಿಯವರೆಗೂ ನನ್ನ ಪಕ್ಕದ ಸೀಟು ಖಾಲಿ ಇತ್ತು.